ಕೆಲಸ ಕಡಿಮೆಯಾದರೆ ಕೆಲಸಗಾರರೂ ಕಡಿಮೆಯಾಗಬೇಕೇ?

ಒಂದು ಕಾರ್ಖಾನೆಯಲ್ಲಿ ನೂರು ಮಂದಿ ದುಡಿಯುತ್ತಿದ್ದಾರೆಂದು ಭಾವಿಸಿರಿ. ಬೇಡಿಕೆ ಕುಸಿದು ಎಂಬತ್ತು ಮಂದಿಗಾಗುವಷ್ಟು ಕೆಲಸ ಮಾತ್ರ ಉಳಿಯಿತು. ಮಾಲಕರು ಏನು ಮಾಡುತ್ತಾರೆ? ಸಾಮಾನ್ಯವಾಗಿ ಇಪ್ಪತ್ತು ಮಂದಿಯನ್ನು ಮನೆಗೆ ಕಳುಹಿಸುತ್ತಾರೆ. ಆ ಇಪ್ಪತ್ತು ಮನೆಗಳ ಗತಿಯೇನು? ಮನೆ ಬಾಡಿಗೆ, ಮಕ್ಕಳ ಫೀಸು, ಹಿರಿಯರ ಔಷಧಿ ಎಲ್ಲವೂ ಒಂದೇ ದಿನ ಸಮಸ್ಯೆಯಾಗಿ ಎದುರು ನಿಲ್ಲುತ್ತವೆ.

ಇದಕ್ಕೆ ಇನ್ನೊಂದು ದಾರಿಯಿದೆ. ನೂರು ಮಂದಿಯನ್ನೂ ಉಳಿಸಿಕೊಂಡು, ವಾರಕ್ಕೆ ಐದು ದಿನದ ಬದಲು ನಾಲ್ಕು ದಿನ ಕೆಲಸ ಕೊಡುವುದು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಆಗುವ ಕೆಲಸ ಒಂದೇ. ಇದಕ್ಕೆ ಕೆಲಸದ ಹಂಚಿಕೆ ಎನ್ನುತ್ತಾರೆ.

ಜರ್ಮನಿಯ ಅನುಭವ

ಈ ಪದ್ಧತಿಗೆ ಜರ್ಮನಿಯಲ್ಲಿ ಬಹಳ ಹಳೆಯ ಇತಿಹಾಸವಿದೆ. ಅಲ್ಲಿ ಇದನ್ನು 'ಕುರ್ತ್ಸ್‌ಆರ್ಬೈಟ್' ಎಂದು ಕರೆಯುತ್ತಾರೆ. ಕಡಿಮೆ ಅವಧಿಯ ಕೆಲಸ ಎಂದರ್ಥ. ದುಡಿದ ಗಂಟೆಗಳಿಗೆ ಮಾಲಕರು ಸಂಬಳ ಕೊಡುತ್ತಾರೆ. ಕೈತಪ್ಪಿದ ಸಂಬಳದ ಶೇ. 60ರಷ್ಟನ್ನು ನಿರುದ್ಯೋಗ ವಿಮಾ ನಿಧಿಯು ತುಂಬಿಕೊಡುತ್ತದೆ. ಮಕ್ಕಳಿರುವವರಿಗೆ ಶೇ. 67. ಅಂದರೆ ಕೈಗೆ ಬರುತ್ತಿದ್ದ ನೂರರಲ್ಲಿ ಇಪ್ಪತ್ತು ಕಡಿಮೆಯಾದರೆ, ಹನ್ನೆರಡೋ ಹದಿಮೂರೋ ಮರಳಿ ಬರುತ್ತದೆ. ಮನೆಯ ಬಜೆಟ್ಟಿಗೆ ಪೆಟ್ಟು ಬೀಳುತ್ತದೆ ನಿಜ, ಆದರೆ ಮನೆ ಬೀದಿಗೆ ಬೀಳುವುದಿಲ್ಲ.

2009ರ ಆರ್ಥಿಕ ಹಿಂಜರಿತದಲ್ಲಿ ಜರ್ಮನಿಯ ಆರ್ಥಿಕತೆ ಶೇ. 5ಕ್ಕೂ ಹೆಚ್ಚು ಕುಗ್ಗಿತು. ಆಗ 14 ಲಕ್ಷಕ್ಕೂ ಹೆಚ್ಚು ಮಂದಿ ಈ ಯೋಜನೆಯಲ್ಲಿದ್ದರು. ನಿರುದ್ಯೋಗ ಮಾತ್ರ ಅಲ್ಪಸ್ವಲ್ಪವೇ ಏರಿತು. ಕೊರೋನಾ ಕಾಲದಲ್ಲಿ, 2020ರ ಎಪ್ರಿಲ್‌ನಲ್ಲಿ, ಸುಮಾರು 60 ಲಕ್ಷ ಮಂದಿ ಇದರ ಆಸರೆ ಪಡೆದರು.

ಮಾಲಕರಿಗೂ ಇದರಲ್ಲಿ ಲಾಭವಿದೆ. ಬೇಡಿಕೆ ಮರಳಿದಾಗ ಹೊಸಬರನ್ನು ಹುಡುಕಿ ತರಬೇತಿ ಕೊಡಬೇಕಾಗಿಲ್ಲ. ಕೆಲಸ ಬಲ್ಲವರು ಅಲ್ಲೇ ಇರುತ್ತಾರೆ.

ಬಿಟ್ಟುಕೊಡದ ಮಹಿಳೆಯರು

ಅಮೆರಿಕದ ಕೆಲ್ಲಾಗ್ ಕಂಪೆನಿಯ ಕಥೆಯೂ ಹಳೆಯದೇ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1930ರ ಡಿಸೆಂಬರ್‌ನಲ್ಲಿ, ಬ್ಯಾಟಲ್ ಕ್ರೀಕ್‌ನ ಅದರ ಕಾರ್ಖಾನೆಯು ಎಂಟು ಗಂಟೆಯ ಮೂರು ಪಾಳಿಗಳ ಬದಲು ಆರು ಗಂಟೆಯ ನಾಲ್ಕು ಪಾಳಿಗಳನ್ನು ತಂದಿತು. ಒಂದು ಪಾಳಿ ಹೆಚ್ಚಾದುದರಿಂದ ಇನ್ನಷ್ಟು ಕುಟುಂಬಗಳಿಗೆ ದುಡಿಮೆ ಸಿಕ್ಕಿತು. ಮುಂದೆ ಹೆಚ್ಚಿನವರು ಎಂಟು ಗಂಟೆಗೆ ಮರಳಿದರೂ, ಕೆಲವು ವಿಭಾಗಗಳವರು 1985ರವರೆಗೂ ಆರು ಗಂಟೆಯನ್ನು ಬಿಟ್ಟುಕೊಡಲಿಲ್ಲ. ಅವರಲ್ಲಿ ಹೆಚ್ಚಿನವರು ಮಹಿಳೆಯರು! ಮನೆಗೆ ಸಿಗುವ ಎರಡು ಗಂಟೆಯ ಬೆಲೆ ಏನೆಂದು ಅವರಿಗೆ ತಿಳಿದಿತ್ತು.

ಎಚ್ಚರವೂ ಬೇಕು

ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಬೇಡಿಕೆಯೇ ಶಾಶ್ವತವಾಗಿ ಸತ್ತುಹೋದ ಉದ್ಯಮವನ್ನು ಇದು ಉಳಿಸದು. ವಿಮೆಯ ಹೊರಗಿರುವವರಿಗೂ ಇದರಿಂದ ಪ್ರಯೋಜನವಿಲ್ಲ. ಜರ್ಮನಿಯಲ್ಲಿಯೇ 'ಮಿನಿಜಾಬ್' ಎಂಬ ಸಣ್ಣ ಸಂಬಳದ ಕೆಲಸ ಮಾಡುವವರಿಗೆ ಈ ಭತ್ಯೆ ಸಿಗುವುದಿಲ್ಲ. ಅವರಲ್ಲಿಯೂ ಮಹಿಳೆಯರೇ ಅಧಿಕ. ನಮ್ಮ ದೇಶದಲ್ಲಂತೂ ದುಡಿಯುವವರಲ್ಲಿ ಬಹುಪಾಲು ಮಂದಿ ಅಸಂಘಟಿತರು. ನಿಧಿಯೇ ಇಲ್ಲದಿದ್ದರೆ ಕೊರತೆ ತುಂಬುವವರು ಯಾರು?

ಸಹೋದರಿಯರೇ, ನಿಮ್ಮ ಮನೆಯ ದುಡಿಯುವವರ ಮುಂದೆ, ಅಥವಾ ನಿಮ್ಮ ಮುಂದೆಯೇ, ಇಂತಹ ಪ್ರಸ್ತಾಪ ಬಂದರೆ ಮೂರು ಪ್ರಶ್ನೆಗಳನ್ನು ಕೇಳಿರಿ. ಸಂಬಳದ ಜೊತೆಗೆ ಕೆಲಸದ ಗಂಟೆಯೂ ಕಡಿಮೆಯಾಗುತ್ತದೆಯೇ? ಎಷ್ಟು ತಿಂಗಳವರೆಗೆ ಎಂಬುದು ಬರವಣಿಗೆಯಲ್ಲಿದೆಯೇ? ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರೂ ಪಾಲು ಹೊರುತ್ತಾರೆಯೇ? ಗಂಟೆ ಇಳಿಸದೆ ಸಂಬಳ ಮಾತ್ರ ಇಳಿಸಿದರೆ ಅದು ಹಂಚಿಕೆಯಲ್ಲ, ಬರೀ ಕಡಿತ. ಮೂರಕ್ಕೂ 'ಹೌದು' ಎಂಬ ಉತ್ತರ ಬಂದರೆ, ಕೆಲವು ತಿಂಗಳು ಖರ್ಚನ್ನು ಬಿಗಿ ಹಿಡಿದು ಒಪ್ಪಿಕೊಳ್ಳುವುದರಲ್ಲಿ ಅರ್ಥವಿದೆ. ನಾವು ಬಿಟ್ಟುಕೊಟ್ಟ ಒಂದು ದಿನದ ಕೂಲಿಯಿಂದ ಇನ್ನೊಂದು ಮನೆಯ ಮಕ್ಕಳು ಶಾಲೆ ಬಿಡದೆ ಉಳಿಯಬಹುದು.