ಕೊರಳಿನ ನೋವು ಬರೀ ಉಳುಕಲ್ಲ

ಟಿ. ನರಸೀಪುರ ತಾಲ್ಲೂಕಿನ ಮೂಗೂರು ತ್ರಿಪುರಸುಂದರಿ ಅಮ್ಮನವರ ಜಾತ್ರೆಗೆ ಹೇಗೋ ಹಾಗೆ ನೃತ್ಯಕ್ಕೂ ಹೆಸರಾದ ಊರು. ಮೈಸೂರು ಶೈಲಿಯ ಭರತನಾಟ್ಯದಲ್ಲಿ ಮೂಗೂರಿನದೇ ಒಂದು ಪರಂಪರೆಯುಂಟು. ಭರತನಾಟ್ಯದಲ್ಲಿ ಕೊರಳಿನ ಚಲನೆಗೆ ‘ಗ್ರೀವಾಭೇದ’ ಎಂದು ಹೆಸರು. ‘ಅಭಿನಯ ದರ್ಪಣ’ ಗ್ರಂಥ ಅದರಲ್ಲಿ ನಾಲ್ಕು ಬಗೆಗಳನ್ನು ಹೇಳುತ್ತದೆ. ನರ್ತಕಿ ಕೊರಳನ್ನು ಆಡಿಸುವುದು ತನ್ನದೇ ಸ್ನಾಯುಗಳ ಹಿಡಿತದಲ್ಲಿ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ರೂಢಿಯಿದೆ. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡ ಮೇಲೆ, ಗಲ್ಲ ಹಿಡಿದು ಕತ್ತನ್ನು ‘ಲಟಕ್’ ಎನ್ನುವಂತೆ ತಿರುಗಿಸುವುದು.

2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಗಿಸಿದಾಗ ವಿಪರೀತ ನೋವು ಕಾಣಿಸಿತು. ಕೆಲವೇ ಗಂಟೆಗಳಲ್ಲಿ ಮಾತು ತೊದಲಿತು, ಎಡಭಾಗ ಸೋತಿತು. ಕೊರಳಿನ ಕೆರಾಟಿಡ್ ಅಪಧಮನಿ ಸೀಳಿ ಪಾರ್ಶ್ವವಾಯು ಆಗಿತ್ತು. ಚಿಕಿತ್ಸೆಯಿಂದ ಆತ ಚೇತರಿಸಿಕೊಂಡ.

ಮಿದುಳಿಗೆ ರಕ್ತ ಒಯ್ಯುವ ಈ ಅಪಧಮನಿಗಳು ಕೊರಳಿನ ಎರಡೂ ಬದಿಯಲ್ಲಿವೆ. ಅವುಗಳ ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಗೋಡೆಯೊಳಕ್ಕೆ ನುಗ್ಗಿ ದಾರಿಯನ್ನು ಕಿರಿದು ಮಾಡುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು. ಐವತ್ತರೊಳಗಿನವರ ಪಾರ್ಶ್ವವಾಯುವಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಅಪಘಾತ, ಜೋರು ಕೆಮ್ಮು, ಹುಟ್ಟಿನಿಂದಲೇ ದುರ್ಬಲವಾದ ರಕ್ತನಾಳದ ಗೋಡೆಯೂ ನಿಮಿತ್ತವಾಗಬಹುದು. ಕೆಲವೊಮ್ಮೆ ಕಾರಣವೇ ಸಿಗುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅನೇಕರಲ್ಲಿ ಮೊದಲು ಬರುವುದು ನೋವು. ಪಾರ್ಶ್ವವಾಯು ಬರುವುದು ಗಂಟೆಗಳ ಅಥವಾ ದಿನಗಳ ನಂತರ. ಕೊರಳು, ಮುಖ ಅಥವಾ ತಲೆಯ ಒಂದೇ ಬದಿಯಲ್ಲಿ ಹಿಂದೆಂದೂ ಕಾಣದ ನೋವು, ಅದೇ ಬದಿಯ ರೆಪ್ಪೆ ಇಳಿಬಿದ್ದು ಕಣ್ಣಿನ ಪಾಪೆ ಕಿರಿದಾಗುವುದು, ಕಿವಿಯಲ್ಲಿ ನಾಡಿಯಂತೆ ಸದ್ದು, ಕ್ಷಣಕಾಲ ಒಂದು ಕಣ್ಣು ಕಪ್ಪಾಗುವುದು ಇದರ ಮುನ್ಸೂಚನೆಗಳು. ಇದನ್ನು ಉಳುಕೆಂದು ಬಗೆದು ಮತ್ತೆ ಎಣ್ಣೆ ನೀವಿ ಕತ್ತು ತಿರುಗಿಸಿದರೆ ಅಪಾಯ ಹೆಚ್ಚೀತು.

ಡಾಪ್ಲರ್ ಪರೀಕ್ಷೆಯಲ್ಲಿ ಕೆಲವು ಸೀಳುಗಳು ಕಾಣದೆ ಉಳಿಯಬಹುದು. ರಕ್ತನಾಳಗಳನ್ನು ತೋರಿಸುವ ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಅಂಥ ಬೇರೆ ಔಷಧಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕೊಡುತ್ತಾರೆ. ಹೆಚ್ಚಿನವರಲ್ಲಿ ಗೋಡೆ ತಾನೇ ಮಾಯುತ್ತದೆ; ಸ್ಟೆಂಟ್ ಬೇಕಾಗುವುದು ಅಪರೂಪ. ಪಾರ್ಶ್ವವಾಯು ಆಗಿಬಿಟ್ಟರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು, ಅದು ಹೊಂದುವ ರೋಗಿಗೆ, ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ಸಿ.ಟಿ. ಹೇಳುವ ಮುನ್ನ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ಸಲ್ಲದು.

ಮೂಗೂರಿನಂಥ ಊರುಗಳವರಿಗೆ ಈ ಸಮಯದ ಲೆಕ್ಕ ಇನ್ನೂ ಬಿಗಿ. ಮೈಸೂರಿನ ದೊಡ್ಡಾಸ್ಪತ್ರೆ ತಲುಪುವ ಹೊತ್ತೂ ಅದರಲ್ಲೇ ಸೇರಬೇಕು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಶುರುವಾದ ಗಂಟೆಯನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕು. ಕತ್ತಿಗೆ ಕೈ ಹಾಕಿದವರಿಗೆ ‘ತಿರುಗಿಸುವುದು ಬೇಡ’ ಎನ್ನಲು ಸಂಕೋಚವೂ ಬೇಡ.