ಬರ್ಮಿಂಗ್‌ಹ್ಯಾಮಿನ ಕಾಲುವೆಯಲ್ಲಿ ಅಪ್ಪನೊಂದಿಗೆ

ತಮ್ಮ ಊರಿನಲ್ಲಿ ವೆನಿಸ್ಸಿಗಿಂತಲೂ ಹೆಚ್ಚು ಉದ್ದದ ಕಾಲುವೆಗಳಿವೆ ಎಂದು ಬರ್ಮಿಂಗ್‌ಹ್ಯಾಮಿನವರು ಹೇಳಿಕೊಳ್ಳುವುದುಂಟು. ಮಂಡ್ಯದಿಂದ ಬಂದಿದ್ದ 81 ವರ್ಷದ ಅಪ್ಪನಿಗೆ ನಡೆಯುವ ಶ್ರಮವಿಲ್ಲದೆ ಇಂಗ್ಲೆಂಡನ್ನು ತೋರಿಸಬೇಕೆಂದು ಕಳೆದ ಬೇಸಿಗೆಯಲ್ಲಿ ನಾಲ್ಕು ದಿನಗಳಿಗೆ ನ್ಯಾರೋಬೋಟ್ ಒಂದನ್ನು ಬಾಡಿಗೆಗೆ ಪಡೆದೆವು. ಸುಮಾರು 7 ಅಡಿ ಅಗಲದ, ಒಳಗೇ ಅಡುಗೆಮನೆಯೂ ಹಾಸಿಗೆಗಳೂ ಇರುವ ನೀಳ ದೋಣಿ ಇದು. ಗಂಟೆಗೆ 4 ಮೈಲಿಗಿಂತ ವೇಗವಾಗಿ ನಡೆಸುವಂತಿಲ್ಲ. ಮೊದಲ ಸಂಜೆ ನಗರದ ನಡುವಿನ ಗ್ಯಾಸ್ ಸ್ಟ್ರೀಟ್ ಬೇಸಿನ್‌ನಲ್ಲಿ ದೋಣಿ ಕಟ್ಟಿದೆವು. ಮರುದಿನವೆಲ್ಲ ನಗರ ದರ್ಶನಕ್ಕೆ ಮೀಸಲು.

ವಿ.ಸಿ. ನಾಲೆಯ ಕೆಲಸದಲ್ಲೇ ಸೇವಾವಧಿ ಕಳೆದ ಅಪ್ಪನಿಗೆ ಬೆಳಿಗ್ಗೆಯೇ ಹಬ್ಬ. ಈ ಬೇಸಿನ್‌ನಲ್ಲಿ ಎರಡು ಕಾಲುವೆಗಳು ಕೂಡುವ ಕಡೆ 'ವೂಸ್ಟರ್ ಬಾರ್' ಎಂಬ ಸುಮಾರು 7 ಅಡಿಯ ಕಟ್ಟೆಯಿದೆ. ಹೊಸದಾಗಿ ಬರುತ್ತಿದ್ದ ಕಾಲುವೆ ತನ್ನ ನೀರನ್ನು ಸೆಳೆದುಕೊಂಡೀತೆಂಬ ಭಯದಿಂದ ಹಳೆಯ ಕಾಲುವೆಯ ಕಂಪನಿ ಇದನ್ನು ಹಟದಿಂದ ಉಳಿಸಿಕೊಂಡಿತ್ತು. 1815ರಲ್ಲಿ ದೋಣಿಗಳಿಗೆ ದಾರಿ ದೊರೆಯುವವರೆಗೆ ಸರಕನ್ನೆಲ್ಲ ಕಟ್ಟೆಯ ಮೇಲೆ ಹೊತ್ತು ಆಚೆಯ ದೋಣಿಗೆ ತುಂಬಬೇಕಿತ್ತು.

"ಇಷ್ಟು ಮಳೆ ಸುರಿಯೋ ದೇಶದಲ್ಲೂ ನೀರಿನ ಜಗಳವೇನಪ್ಪಾ!" ಎಂದು ಅಪ್ಪ ಮನಸಾರೆ ನಕ್ಕರು.

ಉಳಿದ ದಿನ ಅಷ್ಟು ಚೆನ್ನಾಗಿರಲಿಲ್ಲ. ನೋಡಲೇಬೇಕೆಂದಿದ್ದ ವಸ್ತುಸಂಗ್ರಹಾಲಯ ಅಂದು ಮುಚ್ಚಿತ್ತು. 2013ರಲ್ಲಿ ತೆರೆದ ಭವ್ಯ ಗ್ರಂಥಾಲಯದ ಮೇಲಂತಸ್ತಿನ ಉದ್ಯಾನಕ್ಕೆ ಹೋದೊಡನೆ ಮಳೆ ಹಿಡಿಯಿತು. ಮಳೆ ನಿಂತ ಮೇಲೆ, ಹತ್ತಿರದಲ್ಲೇ ಇದೆಯೆಂದು, ಫಾರ್ಮರ್ಸ್ ಬ್ರಿಜ್‌ನ ಲಾಕ್‌ಗಳನ್ನು ನೋಡಲು ಹೊರಟೆವು. ಲಾಕ್ ಎಂದರೆ ಎರಡೂ ಕಡೆ ಬಾಗಿಲಿರುವ ತೊಟ್ಟಿ. ನೀರು ತುಂಬಿಸಿಯೋ ಇಳಿಸಿಯೋ ದೋಣಿಯನ್ನು ಮೇಲಿನ ಮಟ್ಟಕ್ಕೋ ಕೆಳಗಿನ ಮಟ್ಟಕ್ಕೋ ಒಯ್ಯುತ್ತಾರೆ. ಇಲ್ಲಿ ಅಂಥವು ಸಾಲಾಗಿ 13. ಒಟ್ಟು ಇಳಿಜಾರು ಸುಮಾರು 80 ಅಡಿ. ಒಂದೊಂದರ ಬಳಿಯೂ ನಿಂತು ಅಪ್ಪ ನನ್ನ ಹೆಂಡತಿಗೆ ತೂಬಿನ ಪಾಠ ಹೇಳುತ್ತಾ ಇಳಿದರು.

ಹಿಂದಿರುಗುವಾಗ ಅದೇ ದಾರಿ ಏರುಹಾದಿ. ಅಪ್ಪ ಮೂರು ಕಡೆ ನಿಂತರು. ಮೂರನೆಯ ಸಲ ಲಾಕ್‌ನ ತೊಲೆಯ ಮೇಲೆ ಕುಳಿತು, "ನೀವು ನಡೀರಿ, ನಾನು ನೀರು ನೋಡ್ಕೊಂಡು ಬರ್ತೀನಿ" ಎಂದರು. ಆ ಮಾತನ್ನು ಹೇಳಲು ಅವರಿಗೆ ಎರಡು ಉಸಿರು ಬೇಕಾಯಿತು. ದೋಣಿಗೆ ಬಂದು ಅವರ ಕಾಲುಚೀಲ ತೆಗೆದೆ. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿದ್ದ ಗುಳಿ ಬಹಳ ಹೊತ್ತು ಹಾಗೆಯೇ ಇತ್ತು. ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ಅಪ್ಪನನ್ನು ನೋಡುತ್ತಿದ್ದ ವೈದ್ಯ ನಾನು. ಆ ಪರದೆಯಲ್ಲಿ ಕಾಣುವುದು ಮುಖ ಮಾತ್ರ, ಕಾಲಲ್ಲ.

ಮಂಡ್ಯದ ವೈದ್ಯರು ಒಂದು ವರ್ಷದ ಹಿಂದೆಯೇ ಹೃದಯ ದುರ್ಬಲವಾಗಿದೆಯೆಂದು ಹೇಳಿ, ದೇಹದ ಹೆಚ್ಚುವರಿ ನೀರನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ ಕೊಟ್ಟಿದ್ದರಂತೆ. ವಿಮಾನದಲ್ಲಿ ಪದೇ ಪದೇ ಏಳಬೇಕಾದೀತೆಂದು ಬಿಟ್ಟ ಮಾತ್ರೆಯನ್ನು ದೋಣಿಯ ಕಿರಿದಾದ ಶೌಚಾಲಯಕ್ಕೆ ಹೆದರಿ ಮತ್ತೆ ಆರಂಭಿಸಿರಲಿಲ್ಲ. ಜೀವಮಾನವಿಡೀ ತೂಬು ಕಾಯ್ದವರು ತಮ್ಮದೇ ತೂಬು ಮುಚ್ಚಿಕೊಂಡಿದ್ದರು.

"ಯಾಕೆ ಹೇಳಲಿಲ್ಲ ಅಪ್ಪ?"

"ಹೇಳಿದ್ರೆ ನೀನು ಕೆಲಸ ಬಿಟ್ಟು ಓಡಿಬರ್ತಿದ್ದೆ."

ನಾನು ಹಾಗೆ ಓಡಿಹೋಗುತ್ತಿದ್ದೆನೇ? ಬಹುಶಃ ಔಷಧದ ಹೆಸರು ಕೇಳಿ, ಸರಿಯಾಗಿದೆ ಎಂದು ಹೇಳಿ ಫೋನ್ ಇಡುತ್ತಿದ್ದೆ.

ಇದೇ ಊರಿನ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ವಿಲಿಯಂ ವಿದರಿಂಗ್, ಇಂಥದೇ ಬಾವಿಗೆ ಫಾಕ್ಸ್‌ಗ್ಲವ್ ಎಂಬ ಗಿಡದ ಎಲೆಯನ್ನು ಬಳಸಿ, ಸೋಲು ಗೆಲುವುಗಳೆರಡನ್ನೂ 1785ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದ. ವಿದ್ಯಾರ್ಥಿಯಾಗಿ ಓದಿದ್ದ ಆ ಕಥೆ ಅಂದು ಸಂಜೆ ಬೇಡವೆಂದರೂ ನೆನಪಾಯಿತು.

ತಂದೆತಾಯಿಯರನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಸಂದರ್ಶಕ ವೀಸಾದಲ್ಲಿ ಬಂದವರಿಗೆ ಇಂಗ್ಲೆಂಡಿನ ತುರ್ತು ವಿಭಾಗದ ಚಿಕಿತ್ಸೆ ಉಚಿತವಾದರೂ, ಒಳರೋಗಿಯಾಗಿ ದಾಖಲಾದರೆ ಸಾಮಾನ್ಯವಾಗಿ ಶುಲ್ಕ ತೆರಬೇಕು. ಪ್ರಯಾಣ ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಟ್ಟರೆ ಆ ವಿಮೆ ಉಪಯೋಗಕ್ಕೆ ಬರುವುದಿಲ್ಲ. ನಾವು ವಿಮೆ ಮಾಡಿಸಿದ್ದೆವು. ಕಾಯಿಲೆಯ ಅಂಕಣದಲ್ಲಿ ಅಪ್ಪ ಹೇಳಿದಂತೆ 'ಇಲ್ಲ' ಎಂದು ಬರೆದವನು ನಾನೇ.

ಮಲಗಿದಾಗ ಉಸಿರು ಸರಾಗವಾಗಿತ್ತು. ಚೀಲದ ತಳದಲ್ಲಿದ್ದ ಮಾತ್ರೆಯನ್ನು ಕೊಟ್ಟು, ಕಾಲಿನ ಕೆಳಗೆ ದಿಂಬಿಟ್ಟು, ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನಿಸಿದೆ. "ಉಳಿದ ಎರಡು ದಿನದ ಬಾಡಿಗೆ ವಾಪಸ್ ಕೊಡ್ತಾರಾ?" ಎಂದು ಅಪ್ಪ ಕೇಳಿದರು. ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಈ ಕಿಟಕಿ ತೆರೆದಿಡು. ಇಲ್ಲಿಂದ ಆ ಕಟ್ಟೆ ಕಾಣ್ತದೆ" ಎಂದರು.