ದೋಷವನ್ನು ಹುಡುಕುವ ಬಗೆ

ಉಪಕರಣವೊಂದು ಕೆಟ್ಟು ನಿಂತಾಗ ಮನುಷ್ಯನು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಇನ್ನು ಅದರಿಂದ ಪ್ರಯೋಜನವಿಲ್ಲವೆಂದು ಎಸೆದುಬಿಡುತ್ತಾನೆ. ಇಲ್ಲವೆ, ಕಾರಣವನ್ನು ತಿಳಿಯದೆಯೇ ಬಿಚ್ಚಲು ತೊಡಗುತ್ತಾನೆ. ಮೊದಲನೆಯದರಿಂದ ಹಣ ವ್ಯರ್ಥವಾಗುತ್ತದೆ; ಎರಡನೆಯದರಿಂದ ಕೆಲವೊಮ್ಮೆ ಅಪಾಯವೇ ಒದಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ರೋಗ ಒಂದೆಡೆ, ಚಿಕಿತ್ಸೆ ಇನ್ನೊಂದೆಡೆ ಆಗಬಾರದು. ದೋಷವನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಕಂಪ್ಯೂಟರಿನ ಬಳಿ ಇರುವ ಸಾಧಾರಣ ವಸ್ತುವಾದ ನಿಸ್ತಂತು ಮೌಸನ್ನು ಉದಾಹರಣೆಯಾಗಿಟ್ಟುಕೊಂಡು ಆ ಕ್ರಮವನ್ನು ಅರಿಯಬಹುದು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಯ ಕಲ್ಪನೆಯಂತೆ 1964ರಲ್ಲಿ ಮೊದಲ ಮೌಸ್ ಸಿದ್ಧವಾಯಿತು. ಅದರ ಮೈ ಮರದ್ದು; ಅಡಿಯಲ್ಲಿ ಎರಡು ಚಕ್ರಗಳಿದ್ದವು. ಬಾಲದಂತೆ ತಂತಿಯೊಂದು ಹೊರಚಾಚಿದ್ದುದರಿಂದ ಅದಕ್ಕೆ ಇಲಿಯ ಹೆಸರು ಬಂದಿತು. ಕಾಲ ಕಳೆದಂತೆ ಆ ಬಾಲ ಮಾಯವಾಯಿತು. ಆದರೆ ತಂತಿಯ ಮೂಲಕ ಬರುತ್ತಿದ್ದ ವಿದ್ಯುತ್ತನ್ನು ಈಗ ಮೌಸ್ ತನ್ನ ಒಡಲಲ್ಲೇ ಸಂಗ್ರಹಿಸಿಕೊಳ್ಳಬೇಕಾಯಿತು. ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಅನೇಕ ಮೌಸ್‌ಗಳಲ್ಲಿ ಈ ಕೆಲಸವನ್ನು ಲಿಥಿಯಂ ಅಯಾನ್ ಬ್ಯಾಟರಿ ಮಾಡುತ್ತದೆ. ಈ ಬಗೆಯ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಿತು. ಇದರ ಬೆಳವಣಿಗೆಗೆ ಕಾರಣರಾದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರ ಯೊಶಿನೊ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಕೆರೆಯ ನೀರು ಗದ್ದೆಗೆ ಬಾರದಿದ್ದರೆ ಅನುಭವಸ್ಥನಾದ ರೈತನು ಗದ್ದೆಯನ್ನು ಅಗೆಯುವುದಿಲ್ಲ. ಕೆರೆಯಲ್ಲಿ ನೀರಿದೆಯೆ, ತೂಬು ತೆರೆದಿದೆಯೆ, ಕಾಲುವೆ ಎಲ್ಲಿಯಾದರೂ ಕಟ್ಟಿಕೊಂಡಿದೆಯೆ ಎಂದು ನೀರಿನ ದಾರಿಯನ್ನೇ ಹಿಡಿದು ನೋಡುತ್ತ ಬರುತ್ತಾನೆ. ಮೌಸಿನ ವಿಷಯದಲ್ಲಿಯೂ ವಿದ್ಯುತ್ತಿಗೆ ಇಂತಹ ಒಂದು ದಾರಿಯಿದೆ. ಚಾರ್ಜರಿನಿಂದಾಗಲಿ ಕಂಪ್ಯೂಟರಿನಿಂದಾಗಲಿ ಹೊರಟ ಸುಮಾರು 5 ವೋಲ್ಟ್ ವಿದ್ಯುತ್ತು ಕೇಬಲಿನಲ್ಲಿ ಹರಿದು, ಮೌಸಿನ ರಂಧ್ರವನ್ನು ಹೊಕ್ಕು, ಒಳಗಿನ ನಿಯಂತ್ರಕ ಮಂಡಲವನ್ನು ತಲಪುತ್ತದೆ. ಆ ಮಂಡಲವು ಅದನ್ನು ಹದಗೊಳಿಸಿ ಬ್ಯಾಟರಿಗೆ ತುಂಬುತ್ತದೆ. ಸಾಮಾನ್ಯವಾಗಿ ಬ್ಯಾಟರಿಯು 4.2 ವೋಲ್ಟ್ ಮುಟ್ಟಿದಾಗ ತುಂಬುವುದು ಮುಗಿಯುತ್ತದೆ. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಮೌಸ್ ಚಾರ್ಜ್ ಆಗುವುದಿಲ್ಲ.

ಹುಡುಕಾಟಕ್ಕೆ ಮೊದಲು, ದೋಷವಿರುವುದು ನಿಜವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮೌಸಿನ ಗುಂಡಿ ಆರಿದ್ದರೆ, ಅಥವಾ ಕಂಪ್ಯೂಟರಿನೊಡನೆ ಅದರ ಸಂಪರ್ಕ ತಪ್ಪಿದ್ದರೆ, ಬ್ಯಾಟರಿ ತುಂಬಿದ್ದರೂ ಮೌಸ್ ಕೆಲಸ ಮಾಡದು. ಕೆಲವು ಮೌಸ್‌ಗಳಲ್ಲಿ ಇರುವುದು ಸಾಧಾರಣ ಶುಷ್ಕ ಸೆಲ್ಲು; ಅದನ್ನು ಬದಲಾಯಿಸಬೇಕೇ ಹೊರತು ಚಾರ್ಜ್ ಮಾಡಲು ಯತ್ನಿಸಬಾರದು.

ಅನಂತರ ದಾರಿಯ ಮೊದಲ ತುದಿಯಿಂದ ಪರೀಕ್ಷೆ ನಡೆಯಬೇಕು. ಕೆಲವು ಕಂಪ್ಯೂಟರುಗಳು ನಿದ್ರಾಸ್ಥಿತಿಗೆ ಹೋದಾಗ ತಮ್ಮ ಯುಎಸ್‌ಬಿ ರಂಧ್ರಗಳಿಗೆ ವಿದ್ಯುತ್ತನ್ನು ನಿಲ್ಲಿಸುತ್ತವೆ. ಆದುದರಿಂದ ಬೇರೊಂದು ರಂಧ್ರಕ್ಕೆ ಜೋಡಿಸಿ ನೋಡಬೇಕು. ಅದರಿಂದ ಫಲವಾಗದಿದ್ದರೆ ಕೇಬಲನ್ನು ಬದಲಾಯಿಸಬೇಕು. ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಚಾರ್ಜರು, ಕೇಬಲು ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಮೌಸ್ ಸರಿಹೋದರೂ ದೋಷ ಯಾವುದರಲ್ಲಿತ್ತು ಎಂಬುದು ತಿಳಿಯದೆ ಉಳಿಯುತ್ತದೆ. ವಿಜ್ಞಾನಿಯು ಪ್ರಯೋಗಾಲಯದಲ್ಲಿ ಪಾಲಿಸುವ ನಿಯಮವೂ ಇದೇ.

ಕೆಲವೊಮ್ಮೆ ಕೇಬಲು, ಚಾರ್ಜರು ಎರಡೂ ಸರಿಯಾಗಿದ್ದು ಮೌಸ್ ಮಾತ್ರ ಚಾರ್ಜ್ ಆಗದಿರುವುದುಂಟು. ಎರಡು ತುದಿಗಳಲ್ಲಿಯೂ ಟೈಪ್-ಸಿ ಮುಖವಿರುವ ಕೇಬಲನ್ನು ಬಳಸಿದಾಗ, ಎದುರಿನ ಉಪಕರಣದಲ್ಲಿ 5.1 ಕಿಲೋಓಮ್‌ನ ರೋಧಕವಿರುವುದನ್ನು ಗುರುತಿಸಿದ ಮೇಲೆಯೇ ಚಾರ್ಜರು ವಿದ್ಯುತ್ತನ್ನು ಬಿಡುತ್ತದೆ. ಅಗ್ಗದ ಕೆಲವು ಉಪಕರಣಗಳಲ್ಲಿ ಈ ರೋಧಕವಿರುವುದಿಲ್ಲ. ಚಾರ್ಜರಿನ ಕಡೆಗೆ ಹಳೆಯ ಆಯತಾಕಾರದ ಮುಖವಿರುವ ಕೇಬಲನ್ನು ಜೋಡಿಸಿದೊಡನೆ ಅವು ಚಾರ್ಜ್ ಆಗತೊಡಗುತ್ತವೆ.

ಮುಂದಿನ ಘಟ್ಟ ಮೌಸಿನ ರಂಧ್ರ. ಧೂಳು, ಬಟ್ಟೆಯ ಎಳೆ ಅದರಲ್ಲಿ ಸೇರಿ ಗಟ್ಟಿಯಾದರೆ ಕೇಬಲು ಪೂರ್ತಿಯಾಗಿ ಒಳಹೋಗುವುದಿಲ್ಲ. ಕೇಬಲನ್ನು ಕಿತ್ತು, ಮೌಸನ್ನು ಆರಿಸಿ, ಮರದ ತೆಳು ಕಡ್ಡಿಯಿಂದ ಮೆಲ್ಲಗೆ ಅದನ್ನು ತೆಗೆಯಬಹುದು. ಗುಂಡುಸೂಜಿಯಂತಹ ಲೋಹದ ವಸ್ತುವನ್ನು ಬಳಸಿದರೆ ಒಳಗಿನ ಸಂಪರ್ಕಗಳು ಹಾಳಾಗುತ್ತವೆ.

ಇಷ್ಟಾದರೂ ಫಲ ಕಾಣದಿದ್ದರೆ ಗಮನವನ್ನು ಬ್ಯಾಟರಿಯ ಕಡೆಗೆ ತಿರುಗಿಸಬೇಕು. ತಿಂಗಳುಗಟ್ಟಲೆ ಬಳಸದೆ ಇಟ್ಟ ಬ್ಯಾಟರಿ ತೀರ ಬರಿದಾಗಿರುತ್ತದೆ. ಅಂತಹ ಬ್ಯಾಟರಿಗೆ ನಿಯಂತ್ರಕವು ಮೊದಲು ಅತ್ಯಲ್ಪ ವಿದ್ಯುತ್ತನ್ನು ಮಾತ್ರ ಉಣಿಸುತ್ತದೆ. ಉಪವಾಸವಿದ್ದವನಿಗೆ ಮೊದಲು ಗಂಜಿ ಕೊಡುವಂತೆ. ಅರ್ಧ ಗಂಟೆ ಕಾದು ನೋಡುವುದು ಜಾಣತನ. ಬಿಸಿಲಿನಲ್ಲಿ ಕಾದ ಮೌಸನ್ನು ತಣಿಯಲು ಬಿಡಬೇಕು. ಬಿಸಿ ಮಿತಿಮೀರಿದಾಗ ಚಾರ್ಜ್ ಆಗುವುದನ್ನು ನಿಯಂತ್ರಕವೇ ತಡೆಯುವುದುಂಟು. ಕೇಬಲು ಜೋಡಿಸಿರುವವರೆಗೆ ಕೆಲಸಮಾಡುತ್ತಿದ್ದು, ತೆಗೆದೊಡನೆ ಮೌಸ್ ನಿಂತುಹೋದರೆ, ವಿದ್ಯುತ್ತು ಒಳಕ್ಕೆ ಬರುತ್ತಿದೆ, ಆದರೆ ನಿಲ್ಲುತ್ತಿಲ್ಲ ಎಂದು ಅರ್ಥ. ಕೆಲವು ನೂರು ಬಾರಿ ತುಂಬಿ ಬರಿದಾದ ಬ್ಯಾಟರಿಯ ಶಕ್ತಿ ಕುಂದುವುದು ಸಹಜ.

ಹುಡುಕಾಟವು ಎಲ್ಲಿ ನಿಲ್ಲಬೇಕೆಂಬುದನ್ನೂ ತಿಳಿದಿರಬೇಕು. ಮೌಸಿನ ಮೈ ಉಬ್ಬಿ ಬಂದಿದ್ದರೆ, ಅತಿಯಾಗಿ ಬಿಸಿಯಾಗುತ್ತಿದ್ದರೆ, ಅಥವಾ ವಿಚಿತ್ರ ವಾಸನೆ ಬರುತ್ತಿದ್ದರೆ ಬ್ಯಾಟರಿ ಕೆಟ್ಟಿದೆಯೆಂದು ಶಂಕಿಸಬೇಕು. ಬ್ಯಾಟರಿಯೊಳಗಿನ ದ್ರವವು ಬೇಗ ಹೊತ್ತಿಕೊಳ್ಳುವಂತಹುದು. ಅದು ವಿಘಟನೆಗೊಂಡಾಗ ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ. ಅದನ್ನು ಒತ್ತಿದರೆ ಅಥವಾ ಚುಚ್ಚಿದರೆ ಬೆಂಕಿ ಏಳಬಹುದು. ಅಂತಹ ಮೌಸನ್ನು ಮತ್ತೆ ಚಾರ್ಜ್ ಮಾಡಕೂಡದು, ಬಿಚ್ಚಲೂ ಕೂಡದು. ಉರಿಯುವ ವಸ್ತುಗಳಿಂದ ದೂರವಿಟ್ಟು ಹಿರಿಯರಿಗೆ ತಿಳಿಸಬೇಕು. ಅದನ್ನು ಮನೆಯ ಕಸದೊಡನೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಭಾರತ ಸರ್ಕಾರವು 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿರ್ವಹಣೆಗಾಗಿ ನಿಯಮಗಳನ್ನೇ ರೂಪಿಸಿದೆ.

ಮೌಸ್ ಇಲ್ಲಿ ಒಂದು ನಿದರ್ಶನ ಮಾತ್ರ. ಸುಲಭವಾದುದನ್ನು ಮೊದಲು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಅಪಾಯ ಕಂಡಲ್ಲಿ ಕೈ ಹಿಂತೆಗೆಯುವುದು—ಈ ಮೂರು ನಿಯಮಗಳು ಬೆಳಗದ ದೀಪಕ್ಕೂ ನೀರೆತ್ತದ ಪಂಪಿಗೂ ಸಲ್ಲುತ್ತವೆ. ಇವುಗಳನ್ನು ಅರಿತವನು ಸಣ್ಣದೊಂದು ಧೂಳಿನ ಎಳೆಗಾಗಿ ಒಳ್ಳೆಯ ವಸ್ತುವನ್ನು ತಿಪ್ಪೆಗೆಸೆಯುವುದಿಲ್ಲ. ಸಣ್ಣ ಉಳಿತಾಯದ ಆಸೆಗೆ ಬೆಂಕಿಯೊಡನೆ ಸರಸವಾಡುವುದೂ ಇಲ್ಲ.